ಕ್ರಿಮಿನಾಲಜಿ ಜೊತೆ ಸೈಕಾಲಜಿ, ಅದೂ ಇಂಗ್ಲೆಂಡ್‌ನಲ್ಲಿ: ಮಗಳನ್ನ ಕಳಿಸ್ಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು, ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಮಗಳು ಸೆಕೆಂಡ್ ಪಿಯುಸಿ ಪಿಸಿಎಂಬಿ ಓದ್ತಿದಾಳೆ. ನೀಟ್ ಬೇಡ, ಇಂಗ್ಲೆಂಡ್‌ಗೆ ಹೋಗಿ ಕ್ರಿಮಿನಾಲಜಿ ಅಂಡ್ ಸೈಕಾಲಜಿ ಓದ್ತೀನಿ ಅಂತ ಹಠ ಹಿಡಿದಿದಾಳೆ. ಕನ್ಸಲ್ಟೆನ್ಸಿಯವರು ಮೂರು ವರ್ಷದ ಕೋರ್ಸು, ಪಾರ್ಟ್ ಟೈಮ್ ಕೆಲಸದಲ್ಲೇ ಫೀಸ್ ಹುಟ್ಟತ್ತೆ, ಮುಗಿದ್ಮೇಲೆ ಪೊಲೀಸ್ ಇಲಾಖೆಯಲ್ಲೋ ಜೈಲಲ್ಲೋ ಸೈಕಾಲಜಿಸ್ಟ್ ಕೆಲಸ ಗ್ಯಾರಂಟಿ ಅಂತಾರೆ. ಇದೆಲ್ಲ ಎಷ್ಟು ನಿಜ? ಕಳಿಸ್ಬಹುದಾ?

ಉತ್ತರ:

ಸರ್, ಕನ್ಸಲ್ಟೆನ್ಸಿಯವರು ಹೇಳಿದ ಮೂರು ಮಾತಲ್ಲಿ ಮೊದಲನೇದು ಮಾತ್ರ ನಿಜ. ಇಂಗ್ಲೆಂಡ್‌ನಲ್ಲಿ ಡಿಗ್ರಿ ಮೂರು ವರ್ಷ, ಸ್ಕಾಟ್ಲೆಂಡ್ ಆದ್ರೆ ನಾಲ್ಕು. ಫೀಸ್ ಮಾತು, ಕೆಲಸದ ಮಾತು ಎರಡೂ ಹಾಗಿಲ್ಲ. ಹಾಗಂತ ಮಗಳ ಆಸೆಗೆ ಬೇಡ ಅನ್ನೋಕೆ ಹೋಗ್ಬೇಡಿ, ಈ ವಿಷಯಕ್ಕೆ ನಮ್ಮ ಕಡೆ ಜನ ಬೇಕಾಗಿದಾರೆ, ನಿಜವಾಗ್ಲೂ ಬೇಕಾಗಿದಾರೆ. ನಾನು ಇಂಗ್ಲೆಂಡ್‌ನಲ್ಲೇ ಫೊರೆನ್ಸಿಕ್ ಸೈಕಾಲಜಿ, ಅಂದ್ರೆ ಅಪರಾಧ, ಕೋರ್ಟು, ಜೈಲಿಗೆ ಸಂಬಂಧಪಟ್ಟ ಸೈಕಾಲಜಿಯಲ್ಲಿ ಮಾಸ್ಟರ್ಸ್ ಮಾಡಿ ಬಂದು ಈಗ ದಾವಣಗೆರೆಯಲ್ಲಿ ಕೌನ್ಸೆಲಿಂಗ್ ಮಾಡ್ತೀನಿ, ಕೇಸಲ್ಲಿ ಸಿಕ್ಕ ಮಕ್ಕಳ ವಿಚಾರಣೆ ನಡೆಸೋ ಬಾಲನ್ಯಾಯ ಮಂಡಳಿ ಕರೆದಾಗ ಹೋಗ್ತೀನಿ, ಹಂಗಾಗಿ ಎರಡೂ ಕಡೆ ನೋಡಿದ ಮೇಲೆ ಹೇಳ್ತಿರೋ ಮಾತು ಇದು.

ಮೊದಲು ಮಗಳನ್ನ ಕೂರಿಸ್ಕೊಂಡು ಒಂದು ಪ್ರಶ್ನೆ ಕೇಳಿ: ಪುಟ್ಟಿ, ನಿಂಗೆ ಬೇಕಾಗಿರೋದು ಲ್ಯಾಬಾ, ಮನುಷ್ಯರ ಮನಸ್ಸಾ, ಇಲ್ಲಾ ಅಪರಾಧ ಯಾಕೆ ನಡೆಯತ್ತೆ ಅನ್ನೋ ಸಮಾಜದ ಪ್ರಶ್ನೆನಾ? ಯಾಕಂದ್ರೆ ನನ್ ಹತ್ರ ಬರೋ ಪಿಯುಸಿ ಮಕ್ಕಳಲ್ಲಿ ಬಹಳ ಜನಕ್ಕೆ ಮೂರೂ ಒಂದೇ ಅನ್ಸಿರತ್ತೆ. ನಮ್ಮೂರ ಪೊಲೀಸ್ ನಾಯಿ ತುಂಗಾ ಕೊಲೆ ಆರೋಪಿಗಳ ಜಾಡು ಹಿಡಿದ ಸುದ್ದಿ ಓದಿ, ಯೂಟ್ಯೂಬಲ್ಲಿ ಸೀರಿಯಲ್ ಕಿಲ್ಲರ್ ವಿಡಿಯೋ ನೋಡಿ, ನಾನೂ ಕ್ರೈಮ್ ಸೀನ್‌ಗೆ ಹೋಗ್ತೀನಿ ಅಂತ ಬರ್ತಾರೆ. ರಕ್ತದ ಕಲೆ, ಡಿಎನ್‌ಎ, ವಿಷ, ಬುಲೆಟ್ಟು ಇದೆಲ್ಲ ಫೊರೆನ್ಸಿಕ್ ಸೈನ್ಸ್, ದಾವಣಗೆರೆಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ, ಅಲ್ಲಿ ಕೂತು ಕೆಲಸ ಮಾಡೋರು ಕೆಮಿಸ್ಟ್ರಿ ಬಯಾಲಜಿ ಓದಿದೋರು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಅಂತ ಬಂದಿದೆ, ರಾಜ್ಯಗಳು ಐದು ವರ್ಷದೊಳಗೆ ಇದಕ್ಕೆ ತಯಾರಾಗ್ಬೇಕು, ಹಂಗಾಗಿ ಮುಂದೆ ಬೇಡಿಕೆ ಏರೋದು ಆ ಕಡೆ. ನಿಮ್ಮ ಮಗಳದು ಪಿಸಿಎಂಬಿ, ಆ ಬಾಗಿಲು ಅವಳಿಗೆ ಈಗ ತೆರೆದೇ ಇದೆ. ಕ್ರಿಮಿನಾಲಜಿ ಅಂಡ್ ಸೈಕಾಲಜಿಗೆ ಸೇರಿದ್ರೆ ಅದು ಮುಚ್ಚಿ ಹೋಗತ್ತೆ. ಲ್ಯಾಬೇ ಬೇಕು ಅಂದ್ರೆ ಇಂಗ್ಲೆಂಡ್ ತನಕ ಹೋಗೋದೇ ಬೇಡ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೇ ಧಾರವಾಡದಲ್ಲಿದೆ.

ಇಲ್ಲಪ್ಪಾ, ನಂಗೆ ಮನಸ್ಸೇ ಬೇಕು, ಅಪರಾಧದ ಹಿಂದಿನ ಕಾರಣವೇ ಬೇಕು ಅಂದ್ರೆ ಮುಂದೆ ಓದಿ.

ಕ್ಲಾಸಲ್ಲಿ ಏನಿರತ್ತೆ ಅಂತ ಅವಳಿಗೆ ಮೊದಲೇ ಗೊತ್ತಿರ್ಬೇಕು. ಸೈಕಾಲಜಿ ಪಾಲಲ್ಲಿ ಮೆದುಳು-ನರಗಳು, ನೆನಪು-ಗಮನ, ಮಕ್ಕಳ ಬೆಳವಣಿಗೆ, ಗುಂಪಿನ ನಡವಳಿಕೆ, ವ್ಯಕ್ತಿತ್ವ, ಇವೆಲ್ಲಕ್ಕಿಂತ ಜಾಸ್ತಿ ರಿಸರ್ಚ್ ಮೆಥಡ್ಸ್ ಮತ್ತೆ ಸ್ಟ್ಯಾಟಿಸ್ಟಿಕ್ಸ್. ಮೊದಲ ವರ್ಷದಿಂದಲೇ ಎಸ್‌ಪಿಎಸ್‌ಎಸ್ ಇಲ್ಲಾ ಆರ್ ಅನ್ನೋ ಸಾಫ್ಟ್‌ವೇರ್ ಮುಂದೆ ಕೂತು ಡೇಟಾ ಲೆಕ್ಕ ಹಾಕೋದು, ಟಿ-ಟೆಸ್ಟ್, ಕೋರಿಲೇಷನ್, ರಿಗ್ರೆಷನ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಲೆಕ್ಕಗಳು, ಕೊನೇ ವರ್ಷ ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡು ಸ್ವಂತ ಪ್ರಯೋಗ ಮಾಡಿ ಡಿಸರ್ಟೇಶನ್, ಅಂದ್ರೆ ಉದ್ದನೆಯ ಸಂಶೋಧನಾ ಪ್ರಬಂಧ ಬರೆಯೋದು. ಗಣಿತ ತಪ್ಪಿಸ್ಕೊಳ್ಳೋಕೆ ಸೈಕಾಲಜಿ ಅಂತ ಹೋಗೋ ಮಕ್ಕಳು ಮೊದಲ ಸೆಮಿಸ್ಟರಲ್ಲೇ ಕಂಗಾಲಾಗ್ತಾರೆ, ಪಿಸಿಎಂಬಿಯವಳಿಗೆ ಆ ಭಯ ಇಲ್ಲ. ಅವಳಿಗೆ ಕಷ್ಟ ಆಗೋದು ಬರವಣಿಗೆ. ಎರಡೆರಡು ಸಾವಿರ ಪದದ ಪ್ರಬಂಧ, ಪ್ರತಿ ಮಾತಿಗೂ ಆಧಾರ ಕೊಡ್ಬೇಕು, ಕಾಪಿ ಹಿಡಿಯೋ ಸಾಫ್ಟ್‌ವೇರ್‌ಗೆ ಹಾಕ್ತಾರೆ, ಮೇಲಾಗಿ ಸೆಮಿನಾರಲ್ಲಿ ಮೇಷ್ಟ್ರ ಮಾತಿಗೆ ಎದುರು ಮಾತಾಡ್ಬೇಕು, ಸುಮ್ನೆ ತಲೆ ಆಡಿಸಿ ಕೂತ್ರೆ ಅಲ್ಲಿ ಒಳ್ಳೇ ಹುಡುಗಿ ಅನ್ನಲ್ಲ, ಓದ್ಕೊಂಡು ಬಂದಿಲ್ಲ ಅಂತಾರೆ. ಇನ್ನೊಂದು, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಹಿಂಸೆ ಇಂಥ ಕೇಸುಗಳನ್ನ ವಾರಗಟ್ಟಲೆ ಓದ್ಬೇಕಾಗತ್ತೆ, ದೂರದೇಶದಲ್ಲಿ ಒಬ್ಬಳೇ ರೂಮಲ್ಲಿ ಕೂತು ಅದನ್ನ ಓದೋದು ಸಣ್ಣ ಮಾತಲ್ಲ, ಮನೇಲಿ ಇದರ ಬಗ್ಗೆ ಬಾಯ್ಬಿಟ್ಟು ಮಾತಾಡ್ಕೊಳ್ಳಿ.

ಕ್ರಿಮಿನಾಲಜಿ ಪಾಲು ಸಮಾಜಶಾಸ್ತ್ರದ ಹತ್ರ. 1876ರಲ್ಲಿ ಇಟಲಿಯ ಲೊಂಬ್ರೊಸೊ ಅನ್ನೋ ಡಾಕ್ಟ್ರು ತಲೆಬುರುಡೆ, ದವಡೆ, ಕಿವಿ ಅಳೆದು ಹುಟ್ಟಾ ಅಪರಾಧಿ ಅಂತ ಇರ್ತಾರೆ ಅಂದ, ಆ ವಾದ ಬಿದ್ದು ಹೋಗಿ ಕಾಲ ಆಯ್ತು. ಆದ್ರೆ ಅದಕ್ಕೂ ಮುಂಚೆ, 1871ರಲ್ಲೇ, ಬ್ರಿಟಿಷರು ನಮ್ಮಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದು ಸಮುದಾಯಕ್ಕೆ ಸಮುದಾಯವನ್ನೇ ಕಳ್ಳರು ಅಂತ ಪಟ್ಟಿ ಮಾಡಿದ್ರು, ಹಾಜರಿ ಹಾಕಿಸಿದ್ರು, ಊರು ಬಿಡೋಕೆ ಪಾಸು ಕೇಳಿದ್ರು. ಮುಂದೆ ಕೊರಚರು, ಕೊರಮರಂಥ ಅಲೆಮಾರಿ ಜನನೂ ಈ ಪಟ್ಟಿಗೆ ಸಿಕ್ಕಿದ್ರು, ಆ ಹಣೆಪಟ್ಟಿ ಕಾನೂನಿನ ಪ್ರಕಾರ ಕಳಚಿದ್ದು 1952ರಲ್ಲಿ. ಜನ ಇನ್ನೂ ಕಳಚಿಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ ಹುಡುಗ ನನ್ ಮುಂದೆ ಕೂತು, ಶಾಲೇಲಿ ಯಾರದೇ ಪೆನ್ನು ಕಳೆದ್ರೂ ಮೊದಲು ನನ್ ಬ್ಯಾಗೇ ಸುರಿಸ್ತಿದ್ರು ಸಾರ್ ಅಂದಿದ್ದ. ಸಮಾಜ ಯಾರನ್ನ ಅಪರಾಧಿ ಅಂತ ಕರೆಯತ್ತೋ ಅವರು ಬರ್ತಾ ಬರ್ತಾ ಆ ಕಡೆಗೇ ಸರಿಯೋ ಸಾಧ್ಯತೆ ಇದೆ ಅಂತ ಅಮೆರಿಕದ ಹೋವರ್ಡ್ ಬೆಕರ್ ಮುಂತಾದೋರು ಬೆಳೆಸಿದ ಲೇಬಲಿಂಗ್ ಥಿಯರಿ ಇದೆ, ಅದನ್ನ ಇಂಗ್ಲೆಂಡ್‌ನಲ್ಲಿ ಅಲ್ಲಿಯ ಉದಾಹರಣೆ ಇಟ್ಕೊಂಡು ಕಲಿಸ್ತಾರೆ. ನಿಮ್ಮ ಮಗಳು ಅದನ್ನ ನಮ್ಮ ಜಿಲ್ಲೆಗಳ ಈ ಇತಿಹಾಸಕ್ಕೆ ಜೋಡಿಸಿ ಬರೆದ್ರೆ ಅಲ್ಲಿಯ ಪ್ರೊಫೆಸರ್‌ಗಳು ಕಣ್ಣರಳಿಸಿ ಓದ್ತಾರೆ. ಹೊರಗಿನಿಂದ ಹೋದ ವಿದ್ಯಾರ್ಥಿಗೆ ಇರೋ ದೊಡ್ಡ ಬಲ ಇದು, ಅದನ್ನ ಯಾವ ಕನ್ಸಲ್ಟೆನ್ಸಿನೂ ಹೇಳಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕೋರ್ಸಿನ ಹೆಸರಲ್ಲಿ ಸೈಕಾಲಜಿ ಅಂತ ಇದ್ದ ಮಾತ್ರಕ್ಕೆ ಆ ಡಿಗ್ರಿ ನಿಮ್ಮನ್ನ ಸೈಕಾಲಜಿಸ್ಟ್ ದಾರಿಗೆ ಹತ್ತಿಸಲ್ಲ. ಬ್ರಿಟನ್ನಲ್ಲಿ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ, ಬಿಪಿಎಸ್ ಅಂತಾರೆ, ಅವರು ಮಾನ್ಯತೆ ಕೊಟ್ಟ ಡಿಗ್ರಿಯನ್ನ ಕನಿಷ್ಠ ಸೆಕೆಂಡ್ ಕ್ಲಾಸ್ ಲೋವರ್‌ನಲ್ಲಿ ಪಾಸ್ ಮಾಡಿದ್ರೆ ಜಿಬಿಸಿ ಅನ್ನೋ ಅರ್ಹತೆ ಸಿಗತ್ತೆ. ಆ ಜಿಬಿಸಿ ಇದ್ರೇನೇ ಮುಂದೆ ಮಾನ್ಯತೆ ಇರೋ ಫೊರೆನ್ಸಿಕ್ ಸೈಕಾಲಜಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ತಗೊಳ್ಳೋದು. ಅದಾದ್ಮೇಲೂ ಮುಗೀಲಿಲ್ಲ, ಸುಮಾರು ಎರಡು ವರ್ಷ ಅನುಭವಸ್ಥರ ಕೈಕೆಳಗೆ ಕೆಲಸ ಮಾಡಿ ಹೆಲ್ತ್ ಅಂಡ್ ಕೇರ್ ಪ್ರೊಫೆಶನ್ಸ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗ್ಬೇಕು, ಆಗ್ಲೇ ಫೊರೆನ್ಸಿಕ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಬಹುದು, ಅದಕ್ಕೂ ಮುಂಚೆ ಹಾಕಿದ್ರೆ ಅಲ್ಲಿ ಅದು ಅಪರಾಧ. ಕ್ರಿಮಿನಾಲಜಿ ಜೊತೆ ಸೇರಿಸಿದ ಜಾಯಿಂಟ್ ಡಿಗ್ರಿಗಳಲ್ಲಿ ಕೆಲವಕ್ಕೆ ಬಿಪಿಎಸ್ ಮಾನ್ಯತೆ ಇದೆ, ಕೆಲವಕ್ಕೆ ಇಲ್ಲ, ಯಾಕಂದ್ರೆ ಸೈಕಾಲಜಿಯ ಪಾಲು ಅರ್ಧಕ್ಕಿಂತ ಕಮ್ಮಿ ಆಗ್ಬಿಟ್ರೆ ಮಾನ್ಯತೆ ಬರಲ್ಲ. ಒಂದೇ ಯೂನಿವರ್ಸಿಟಿಯಲ್ಲಿ ಸೈಕಾಲಜಿ ವಿತ್ ಕ್ರಿಮಿನಾಲಜಿಗೆ ಇದ್ದು, ಕ್ರಿಮಿನಾಲಜಿ ವಿತ್ ಸೈಕಾಲಜಿಗೆ ಇಲ್ಲದೇ ಇರ್ಬಹುದು. ಬ್ರೋಷರ್ ನಂಬ್ಬೇಡಿ, ಬಿಪಿಎಸ್ ವೆಬ್‌ಸೈಟಲ್ಲಿ ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿ ಇದೆ, ಯೂನಿವರ್ಸಿಟಿ ಹೆಸರು, ಕೋರ್ಸಿನ ಪೂರ್ತಿ ಹೆಸರು ಹಾಕಿ ಮಗಳೇ ಹುಡುಕಲಿ. ಆಸ್ಟ್ರೇಲಿಯಾ ಕಡೆ ಯಾರಾದ್ರೂ ಎಳೆದ್ರೆ ಅಲ್ಲೂ ಇದೇ ಕಥೆ, ಮಾನ್ಯತೆ ಕೊಡೋ ಸಂಸ್ಥೆ ಎಪಿಎಸಿ, ಮೂರು ವರ್ಷದ ಮೇಲೆ ನಾಲ್ಕನೇ ಆನರ್ಸ್ ವರ್ಷ, ಅದರ ಮೇಲೆ ಮತ್ತೆ ಓದು.

ಪೊಲೀಸ್ ಕೆಲಸ ಗ್ಯಾರಂಟಿ ಅನ್ನೋದಂತೂ ಮರೆತುಬಿಡಿ. ಬ್ರಿಟನ್ ಪೊಲೀಸ್‌ಗೆ ಸೇರೋಕೆ ಅಲ್ಲಿ ಯಾವ ಮಿತಿನೂ ಇಲ್ಲದೆ ನೆಲೆಸೋ ಹಕ್ಕು ಇರ್ಬೇಕು, ಸ್ಟೂಡೆಂಟ್ ವೀಸಾದಲ್ಲಿ ಹೋದೋರಿಗೆ ಅದಿಲ್ಲ. ಜೈಲಿನ ಕೆಲಸಕ್ಕೂ ಹಿನ್ನೆಲೆ ತಪಾಸಣೆ, ಅಲ್ಲಿ ವಾಸ ಇದ್ದ ವರ್ಷಗಳ ಲೆಕ್ಕ ಎಲ್ಲ ಕೇಳ್ತಾರೆ. ಓದು ಮುಗಿದ್ಮೇಲೆ ಕೆಲಸ ಹುಡುಕೋಕೆ ಗ್ರಾಜುಯೇಟ್ ವೀಸಾ ಇದೆ, ಇಷ್ಟು ದಿನ ಎರಡು ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳು. ನಿಮ್ಮ ಮಗಳು ಮುಗಿಸೋ ಹೊತ್ತಿಗೆ ಈ 18 ತಿಂಗಳೇ ಲೆಕ್ಕ. ಅಷ್ಟರಲ್ಲಿ ಸ್ಪಾನ್ಸರ್ ಮಾಡೋ ಕಂಪನಿ ಸಿಕ್ಕಿ, ಸಂಬಳ ವೀಸಾ ಮಿತಿ ಮುಟ್ಬೇಕು, ಸ್ಕಿಲ್ಡ್ ವರ್ಕರ್ ವೀಸಾಗೆ 2025ರ ಜುಲೈಯಿಂದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸದಾಗಿ ಸೇರೋರಿಗೆ ಸ್ವಲ್ಪ ಸಡಿಲ ಇದೆ. ಬರೀ ಡಿಗ್ರಿ ಇಟ್ಕೊಂಡು ಈ ವಿಷಯದಲ್ಲಿ ಶುರುವಿನ ಕೆಲಸಗಳು ಅಷ್ಟು ಸಂಬಳ ಕೊಡೋದು ಅಪರೂಪ.

ದುಡ್ಡಿನ ಲೆಕ್ಕ. ವ್ಯಾಪಾರಸ್ಥರು ನೀವು, ಬೇಗ ಅರ್ಥ ಆಗತ್ತೆ. ಹೊರದೇಶದ ವಿದ್ಯಾರ್ಥಿಗೆ ಈ ಕೋರ್ಸಿನ ಫೀಸ್ ವರ್ಷಕ್ಕೆ ಸುಮಾರು 15ರಿಂದ 25 ಸಾವಿರ ಪೌಂಡ್, ದೊಡ್ಡ ಹೆಸರಿನ ಕಡೆ ಇನ್ನೂ ಮೇಲೆ. ಖರ್ಚಿಗೆ ಅಂತ ವೀಸಾದೋರು ತೋರಿಸು ಅನ್ನೋದು ಲಂಡನ್ ಹೊರಗೆ ತಿಂಗಳಿಗೆ 1,171 ಪೌಂಡ್, ಲಂಡನ್ ಒಳಗೆ 1,529, ಒಂಬತ್ತು ತಿಂಗಳಿಗೆ. ಇದು 2025ರ ನವೆಂಬರ್‌ನ ದರ, ಏರ್ತಾನೇ ಇರತ್ತೆ. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಅದನ್ನ ವೀಸಾ ಅರ್ಜಿ ಹಾಕೋವಾಗ್ಲೇ ಅಷ್ಟೂ ವರ್ಷದ್ದು ಒಟ್ಟಿಗೆ ಕಟ್ಬೇಕು, ಮೂರು ವರ್ಷದ ಕೋರ್ಸಿಗೆ 2,700ರ ಆಸುಪಾಸು ಬರತ್ತೆ. ಪೌಂಡಿಗೆ 115-120 ರೂಪಾಯಿ ಹಿಡಿದ್ರೂ ಮಧ್ಯಮ ದರ್ಜೆ ಯೂನಿವರ್ಸಿಟಿಗೆ ಮೂರು ವರ್ಷಕ್ಕೆ ಒಂದು ಕೋಟಿ ಹತ್ತಿರ ಹತ್ತಿರ. ಇನ್ನು ಪಾರ್ಟ್ ಟೈಮು: ಕ್ಲಾಸ್ ನಡೆಯೋ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ, ಒಂದು ಗಂಟೆ ದಾಟಿದ್ರೂ ವೀಸಾಗೆ ಕುತ್ತು. 18ರಿಂದ 20 ವಯಸ್ಸಿನೋರಿಗೆ ಕನಿಷ್ಠ ಕೂಲಿ ದೊಡ್ಡೋರಿಗಿಂತ ಕಮ್ಮಿ, 2025ರ ಏಪ್ರಿಲ್ ದರದಲ್ಲಿ ಗಂಟೆಗೆ 10 ಪೌಂಡ್. ವಾರಕ್ಕೆ 200 ಬಂದ್ರೆ ಊಟ, ಬಸ್ಸು, ಒಂದಿಷ್ಟು ಬಾಡಿಗೆ ಆಗತ್ತೆ, ಫೀಸ್ ಹುಟ್ಟಲ್ಲ. ಹುಟ್ಟತ್ತೆ ಅಂದೋರು ನಿಮಗೆ ಸುಳ್ಳು ಹೇಳಿದಾರೆ, ಮತ್ತೆ ಕನ್ಸಲ್ಟೆನ್ಸಿಗಳಿಗೆ ಸೀಟಿಗೆ ಇಷ್ಟು ಅಂತ ಯೂನಿವರ್ಸಿಟಿಯಿಂದ ಕಮಿಷನ್ ಬರತ್ತೆ ಅನ್ನೋದು ನಿಮಗೆ ಗೊತ್ತಿರಲಿ.

ನಿಮ್ಮಂಥ ವ್ಯಾಪಾರದ ಮನೆಗಳಲ್ಲಿ ಎಡವೋದು ಎಲ್ಲಿ ಗೊತ್ತಾ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ. ಮೊದಲ ವರ್ಷದ ಬಾಕಿ ಫೀಸು, ಜೊತೆಗೆ ಒಂಬತ್ತು ತಿಂಗಳ ಖರ್ಚು, ಇಷ್ಟೂ ದುಡ್ಡು ಸತತ 28 ದಿನ ಅಕೌಂಟಲ್ಲಿ ಕೂತಿರ್ಬೇಕು, ಆ 28 ದಿನದ ಕೊನೇ ದಿನ ಅರ್ಜಿ ಹಾಕೋ ದಿನಕ್ಕೆ 31 ದಿನದ ಒಳಗಿರ್ಬೇಕು. ಒಂದೇ ಒಂದು ದಿನ ಒಂದು ಸಾವಿರ ರೂಪಾಯಿ ಕಮ್ಮಿ ಆದ್ರೂ ವೀಸಾ ರಿಜೆಕ್ಟ್. ಸೆಪ್ಟೆಂಬರ್ ಕೋರ್ಸಿಗೆ ಈ ದುಡ್ಡು ಕೂರ್ಬೇಕಾಗಿರೋದು ಜೂನ್-ಜುಲೈನಲ್ಲಿ, ಅದೇ ರೈತರು ಬಿತ್ತನೆ ಬೀಜ, ಗೊಬ್ಬರಕ್ಕೆ ಅಡ್ವಾನ್ಸ್ ಕೇಳ್ಕೊಂಡು ಅಂಗಡಿ ಮುಂದೆ ನಿಲ್ಲೋ ಟೈಮು. ಅಂಗಡಿಯ ಕರೆಂಟ್ ಅಕೌಂಟ್‌ಗೆ ಇದನ್ನ ಬೆರೆಸ್ಬೇಡಿ, ನಿಮ್ಮದೋ ನಿಮ್ಮ ಮನೆಯವರದೋ ಮಗಳದೋ ಹೆಸರಲ್ಲಿ ಬೇರೆ ಸೇವಿಂಗ್ಸ್ ಅಥವಾ ಬೇಕಂದಾಗ ತೆಗೆಯೋಕೆ ಆಗೋ ಎಫ್‌ಡಿ ಮಾಡಿ. ಅಪ್ಪ-ಅಮ್ಮನ ಅಕೌಂಟ್ ಆದ್ರೆ ಮಗಳ ಜನನ ಪ್ರಮಾಣಪತ್ರ, ನಿಮ್ಮ ಒಪ್ಪಿಗೆ ಪತ್ರ ಬೇಕು. ಇಲ್ಲೇ ನಮ್ಮ ಕಡೆಯ ಇನ್ನೊಂದು ತೊಡಕು: ಜನನ ಪ್ರಮಾಣಪತ್ರದಲ್ಲಿ ಹೆಸರೊಂದೇ, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಲ್ಲಿ ಆ ಇನಿಷಿಯಲ್ ಬಿಡಿಸಿ ಊರ ಹೆಸರು ಅಪ್ಪನ ಹೆಸರು. ಈಗಿನಿಂದಲೇ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ, ತಿದ್ದಿಸೋದಿದ್ರೆ ತಿಂಗಳುಗಟ್ಟಲೆ ಆಗತ್ತೆ. ಜೊತೆಗೆ ಟಿಬಿ ಟೆಸ್ಟ್ ಕಡ್ಡಾಯ, ಅವರು ಒಪ್ಪಿದ ಕ್ಲಿನಿಕ್ಕಲ್ಲೇ ಆಗ್ಬೇಕು, ಬೆಂಗಳೂರಿಗೆ ಹೋಗ್ಬೇಕು.

ಪಿಯುಸಿ ಮಾರ್ಕ್ಸ್ ವಿಚಾರದಲ್ಲಿ ಸಿಬಿಎಸ್‌ಇಗೆ ಒಂದು ಕಟ್‌ಆಫ್, ಸ್ಟೇಟ್ ಬೋರ್ಡ್‌ಗೆ ಇನ್ನೂ ಜಾಸ್ತಿ ಇಡೋ ಯೂನಿವರ್ಸಿಟಿಗಳಿವೆ. ಕೆಲವರು ಮೊದಲು ಒಂದು ಫೌಂಡೇಶನ್ ವರ್ಷ ಮಾಡು ಅಂತಾರೆ, ಅಂದ್ರೆ ಮೂರು ನಾಲ್ಕಾಗತ್ತೆ, ಖರ್ಚೂ ಹಾಗೇ.

ನನ್ನ ಅಭಿಪ್ರಾಯ ಕೇಳಿದ್ರೆ ಡಿಗ್ರಿ ಇಲ್ಲೇ ಆಗಲಿ, ಮಾಸ್ಟರ್ಸ್‌ಗೆ ಹೋಗಲಿ. ಮೈಸೂರಲ್ಲೋ ಬೆಂಗಳೂರಲ್ಲೋ ಸೈಕಾಲಜಿ ಮುಖ್ಯ ವಿಷಯವಾಗಿ ಮೂರು ವರ್ಷ ಗಟ್ಟಿಯಾಗಿ ಓದಲಿ, ಮೈಸೂರಿನ ಮಹಾರಾಜ ಕಾಲೇಜಲ್ಲಿ ಕ್ರಿಮಿನಾಲಜಿ ವಿಷಯನೂ ಇದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್‌ದು ವಿಭಾಗವೇ ಇದೆ. ನಮ್ಮ ರಾಜ್ಯದಲ್ಲಿ ಈ ಓದಿಗೆ ಹಳೇ ಬೇರಿದೆ, ಲಂಡನ್ನಲ್ಲಿ ಸೈಕಾಲಜಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಆ ವಿಭಾಗ ಕಟ್ಟಿದೋರು, 1935ರಲ್ಲಿ ತಮ್ಮ ಮನೆಯಿಂದಲೇ ಮೈಸೂರು ಆಕಾಶವಾಣಿ ಶುರು ಮಾಡಿದೋರೂ ಅವರೇ. ಡಿಗ್ರಿ ಆದ್ಮೇಲೆ ಬಿಪಿಎಸ್‌ಗೆ ಅಂಕಪಟ್ಟಿ, ಸಿಲಬಸ್ ಕಳಿಸಿ ಜಿಬಿಸಿ ಕೇಳ್ಬಹುದು, ಸಿಗದಿದ್ರೆ ಅಲ್ಲಿ ಕನ್ವರ್ಷನ್ ಮಾಸ್ಟರ್ಸ್ ಅಂತ ಇದೆ, ಮಾನ್ಯತೆ ಇರೋದನ್ನ ಮಾಡಿದ್ರೆ ಜಿಬಿಸಿ ಸಿಗತ್ತೆ. ಒಂದೊಂದು ಮಾಸ್ಟರ್ಸ್‌ಗೆ ಒಂದು ವರ್ಷದ ಖರ್ಚು, ಮೂರು ವರ್ಷದ್ದಲ್ಲ. ಸ್ಕಾಲರ್‌ಶಿಪ್‌ಗಳೂ ಹೆಚ್ಚಾಗಿ ಇರೋದು ಮಾಸ್ಟರ್ಸ್‌ಗೇ: ಬ್ರಿಟನ್ ಸರ್ಕಾರದ ಚೀವ್ನಿಂಗ್ ಒಂದು ವರ್ಷದ ಮಾಸ್ಟರ್ಸ್‌ಗೆ, ಅದಕ್ಕೆ ಎರಡು ವರ್ಷ ಕೆಲಸದ ಅನುಭವ ಕೇಳ್ತಾರೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೆ, ಅದೂ ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ. 21 ವಯಸ್ಸಲ್ಲಿ ಹೋದ ಹುಡುಗಿಗೆ ತಾನೇನು ಓದ್ಬೇಕು ಅನ್ನೋದೂ ಸ್ಪಷ್ಟ ಇರತ್ತೆ.

ವಾಪಸ್ ಬಂದ್ರೆ ಇಲ್ಲಿ ಏನು ಕೆಲಸ ಅಂತ ಕೇಳಿದೀರಿ ಅಂದ್ಕೊಂಡೇ ಬರೀತೀನಿ, ಕನ್ಸಲ್ಟೆನ್ಸಿಯವರು ಇದನ್ನ ಮುಟ್ಟೇ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಇಲ್ಲಿ ಕೆಲಸ ಮಾಡೋಕೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಬೇಕು, ಬ್ರಿಟನ್ನಿನ ಬರೀ ಡಿಗ್ರಿಗೆ ಅದು ಸಿಗಲ್ಲ. ಸರ್ಕಾರಿ ಕೆಲಸಕ್ಕೆ ಹೊರದೇಶದ ಡಿಗ್ರಿಗೆ ತತ್ಸಮಾನ ಪ್ರಮಾಣಪತ್ರ ಬೇಕು. 2022ರಲ್ಲಿ ಭಾರತ-ಬ್ರಿಟನ್ ಒಪ್ಪಂದ ಆಗಿ ಅಲ್ಲಿಯ ಒಂದು ವರ್ಷದ ಮಾಸ್ಟರ್ಸ್‌ಗೂ ಮಾನ್ಯತೆ ಬಂದಿದೆ, 2025ರಲ್ಲಿ ಯುಜಿಸಿ ಹೊಸ ನಿಯಮನೂ ತಂದಿದೆ. ಫ್ರಾಂಚೈಸಿ ಕಾಲೇಜಲ್ಲಿ ಓದಿದ್ದಕ್ಕೆ ಮಾತ್ರ ಆ ನಿಯಮದಲ್ಲಿ ಜಾಗ ಇಲ್ಲ, ಹಂಗಾಗಿ ಪಾಠ ನಡೆಯೋದು ಯೂನಿವರ್ಸಿಟಿಯ ಸ್ವಂತ ಕ್ಯಾಂಪಸ್ಸಲ್ಲಾ ಅಂತ ಕೇಳಿ.

ಕೆಲಸ ಎಲ್ಲಿದೆ ಅಂದ್ರೆ, ಒಂದು ಉದಾಹರಣೆ ಹತ್ತಿರದಿಂದ ತೋರಿಸ್ತೀನಿ. 16ರಿಂದ 18 ವಯಸ್ಸಿನ ಹುಡುಗ ಘೋರ ಅಪರಾಧದ ಕೇಸಲ್ಲಿ ಸಿಕ್ಕಿದ್ರೆ 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಂ ಪ್ರಕಾರ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡ್ಬೇಕು: ಆ ಕೃತ್ಯ ಮಾಡೋ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತಾ, ಪರಿಣಾಮ ಗೊತ್ತಿತ್ತಾ, ಯಾವ ಪರಿಸ್ಥಿತಿಯಲ್ಲಿ ನಡೀತು. ಅದರ ಮೇಲೆ ಅವನನ್ನ ದೊಡ್ಡೋರ ಥರ ವಿಚಾರಣೆ ಮಾಡ್ಬೇಕಾ ಬೇಡ್ವಾ ಅಂತ ತೀರ್ಮಾನ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಓದಿದೋರು ಇಲ್ಲದಿದ್ರೆ ತಜ್ಞರ ನೆರವು ತಗೊಳ್ಳಲೇಬೇಕು ಅಂತ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹುಡುಗನ ಜೊತೆ ಕೂತು ಮಾತಾಡೋದು ಸುಲಭ ಇಲ್ಲ. ನೆಲ ನೋಡ್ಕೊಂಡು ಕೂತಿರ್ತಾನೆ, ಎಲ್ಲದಕ್ಕೂ ಹೂಂ ಅಂತಾನೆ, ಪೊಲೀಸರ ಮುಂದೆ ಅಂದಿದ್ದ ಹೂಂ ಯಾವುದು, ನಿಜವಾದ ಹೂಂ ಯಾವುದು ಅಂತ ಬಿಡಿಸ್ಬೇಕು, ಅವನ ಕನ್ನಡದಲ್ಲಿ ಕೇಳ್ಬೇಕು, ನಿಧಾನಕ್ಕೆ ಕೇಳ್ಬೇಕು. ಪ್ರಶ್ನೆ ಹಾಕೋ ರೀತಿಗೆ ನೆನಪು ಹೇಗೆ ಬದಲಾಗತ್ತೆ, ಒತ್ತಡದಲ್ಲಿ ಮಾಡದ ತಪ್ಪನ್ನೂ ಯಾಕೆ ಒಪ್ಕೊಳ್ತಾರೆ ಅನ್ನೋದೆಲ್ಲ ಓದಿರೋರು ಬೇಕಾಗೋದು ಇಲ್ಲಿ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡೋ ಹಾಗಿಲ್ಲ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆ, ಅದು ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ, ನಮ್ಮ ರಾಜ್ಯದ್ದೇ ಕೇಸು. ಇಂಥ ಮಂಡಳಿಗಳಲ್ಲಿ, ಪೋಕ್ಸೋ ಕೇಸಿನ ಮಕ್ಕಳ ಜೊತೆ, ಜೈಲುಗಳಲ್ಲಿ, ವ್ಯಸನ ಬಿಡಿಸೋ ಕೇಂದ್ರಗಳಲ್ಲಿ ಕನ್ನಡ ಬಲ್ಲ, ಸರಿಯಾಗಿ ಓದಿರೋ ಜನ ಸಾಲ್ತಾ ಇಲ್ಲ. ಸಂಬಳ ಸಾಫ್ಟ್‌ವೇರ್ ಥರ ಇರಲ್ಲ, ಬಹಳಷ್ಟು ಕಾಂಟ್ರಾಕ್ಟ್ ಕೆಲಸ, ಒಂದು ಕೋಟಿ ಸಾಲ ತಲೆ ಮೇಲೆ ಇಟ್ಕೊಂಡು ಇದನ್ನ ಮಾಡೋಕಾಗಲ್ಲ. ಇಷ್ಟು ಹೊತ್ತು ದುಡ್ಡಿನ ಲೆಕ್ಕ ಹಾಕಿದ್ದು ಇದಕ್ಕೇ.

ಇಷ್ಟಾದ ಮೇಲೂ ಡಿಗ್ರಿಗೇ ಹೋಗ್ತೀನಿ ಅಂದ್ರೆ, ನಿಮಗೆ ಸಾಲ ಇಲ್ಲದೆ ಕಳಿಸೋ ಶಕ್ತಿ ಇದ್ರೆ, ತಡೀಬೇಡಿ. ಅರ್ಜಿ ಯುಸಿಎಎಸ್ ಅನ್ನೋ ಒಂದೇ ಕಡೆ, ಐದು ಕೋರ್ಸ್ ಆರಿಸ್ಬಹುದು, ಮುಖ್ಯ ಗಡುವು ಜನವರಿಯಲ್ಲಿ ಬರತ್ತೆ. ಅದಕ್ಕೂ ಮುಂಚೆ ಮಗಳು, ಕನ್ಸಲ್ಟೆನ್ಸಿ ಕೈಲಿ ಅಲ್ಲ, ತಾನೇ ಆ ಐದೂ ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕ್ಲಿ: ಈ ಕೋರ್ಸಿಗೆ, ನಾನು ಸೇರೋ ವರ್ಷಕ್ಕೆ, ಬಿಪಿಎಸ್ ಮಾನ್ಯತೆ ಇದೆಯಾ, ಅದು ಉಳೀಬೇಕಾದ್ರೆ ಯಾವ ಮಾಡ್ಯೂಲ್ ಬಿಡೋ ಹಾಗಿಲ್ಲ, ಕರ್ನಾಟಕ ಪಿಯುಸಿಗೆ ಎಷ್ಟು ಪರ್ಸೆಂಟ್ ಬೇಕು, ಇಂಗ್ಲಿಷ್ ಮಾರ್ಕ್ಸ್ ಒಪ್ತೀರಾ ಇಲ್ಲಾ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬೇಕಾ, ಕೊನೇ ವರ್ಷದ ಪ್ರಾಜೆಕ್ಟನ್ನ ಸೈಕಾಲಜಿಯಲ್ಲೇ ಮಾಡ್ಬೇಕಾ. ಉತ್ತರ ಬರೆದು ಕಳಿಸಿದ ಯೂನಿವರ್ಸಿಟಿಗಳನ್ನ ಮಾತ್ರ ಪಟ್ಟಿಯಲ್ಲಿ ಇಟ್ಕೊಳ್ಳಿ, ಆ ಮೇಲ್‌ಗಳ ಪ್ರಿಂಟ್ ತೆಗೆದಿಟ್ಟು ನಂಗೂ ಒಂದು ಕಾಪಿ ಕಳಿಸಿ, ಯಾವುದಕ್ಕೆ ಮೊದಲು ಒಪ್ಕೋಬೇಕು ಅಂತ ಕೂತು ನೋಡೋಣ.